ಐತಪ್ಪನ ಓಟು

ಏಪ್ರಿಲ್ ಹುಟ್ಟಿತೆಂದರೆ ಕೊಲ್ಲಿ ನಾಡಿನ ಅಸ್ಕರಿನಲ್ಲಿ ಬೆಳಗ್ಗೆಯೇ ಕಬ್ಬಿಣ ಕಾದಿರುತ್ತದೆ. ಅಲ್ಯೂಮಿನಿಯಂ ಕಾರ್ಖಾನೆಯ ಗೋಡೆಗೆ ಅಟ್ಟಣಿಗೆ ಕಟ್ಟುತ್ತಿದ್ದ ಕಿಟ್ಟಣ್ಣ, ಹೆಗಲ ಮೇಲಿನ ಪೈಪನ್ನೂ ಇಳಿಸದೆ ನಂಜುಂಡಸ್ವಾಮಿಯ ಬೈಗುಳ ಕೇಳುತ್ತ ನಿಂತಿದ್ದ.

"ಪಾಸ್‌ಪೋರ್ಟ್ ಬೇಕಂತೆ ಪಾಸ್‌ಪೋರ್ಟು. ಓಡ್ಹೋಗಿ ಬೇರೆ ಕಡೆ ಸೇರ್ಕೊಳ್ಳೋಕೇನೋ, ಬೋಳಿಮಗನೆ?"

"ಅಲ್ಲ ಸಾರ್. ಓಟಿಗೆ ಹೋಗ್ಲಿಕ್ಕೆ. ನೀವೇ ಅಲ್ವಾ ನನ್ನ ಹೆಸರು ಸೇರಿಸಿದ್ದು."

ನಂಜುಂಡಸ್ವಾಮಿ ಕೂಲಿಗಳನ್ನು ಒದಗಿಸುವ ಕಂಪೆನಿಯ ಮ್ಯಾನೇಜರು. ಮನಾಮಾದ ಕನ್ನಡಿಗರ ಕೂಟವೊಂದರ ಅಧ್ಯಕ್ಷನೂ ಹೌದು. ಹೊರದೇಶದಲ್ಲಿದ್ದವರಿಗೂ ಓಟು ಎಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ಚಳಿಗಾಲದಲ್ಲಿ ಅವನೇ ಕೂಲಿಗಳು ಇರುವ ಕ್ಯಾಂಪಿಗೆ ಬಂದು, ಹಾರ ಹಾಕಿಸಿಕೊಂಡು, ಎಲ್ಲರ ಹೆಸರು ಬರೆಸಿ ಫೋಟೊ ತೆಗೆಸಿಕೊಂಡಿದ್ದ. ಆದರೆ ಹೆಸರಿದ್ದರೆ ಸಾಲದು; ಊರಿನ ಮತಗಟ್ಟೆಗೇ ಹೋಗಿ ಅಸಲು ಪಾಸ್‌ಪೋರ್ಟನ್ನೇ ತೋರಿಸಬೇಕು. ಕೂಲಿಗಳ ಪಾಸ್‌ಪೋರ್ಟುಗಳೆಲ್ಲ ಅವನ ಕಪಾಟಿನಲ್ಲಿದ್ದವು.

"ನಿಮ್ಮೆಲ್ಲರ ಪರವಾಗಿ ನಾನು ಹೋಗ್ತಿದೀನಲ್ಲ," ಎಂದು ಅವನು ಕಾರಿನ ಬಾಗಿಲು ತೆಗೆದ. "ನಿನ್ನೊಬ್ಬನ ಓಟಿಂದ ಡೆಲ್ಲಿ ಅಲ್ಲಾಡತ್ತಾ? ಹತ್ತು ಮೇಲೆ."

ಕಿಟ್ಟಣ್ಣ ಹತ್ತಿದ. ಹತ್ತಿದ ಮೇಲೆ ಆ ಕಡೆ ನೋಡಬಾರದೆಂದುಕೊಂಡರೂ ಕಣ್ಣು ಅಟ್ಟಣಿಗೆಯ ತುದಿಯ ಹಲಗೆಗೇ ಹೋಯಿತು. ಹಿಂದಿನ ಬೇಸಗೆಯಲ್ಲಿ ಅವನ ಅಣ್ಣ ಐತಪ್ಪ ನೀರು ನೀರು ಎನ್ನುತ್ತ ಕುಸಿದದ್ದು ಇಂಥದೇ ಹಲಗೆಯ ಮೇಲೆ. ಎದೆಬಡಿತ ನಿಂತು ಸತ್ತನೆಂದು ಬರೆದು ಕಂಪೆನಿ ಹೆಣದ ಪೆಟ್ಟಿಗೆಯನ್ನು ಊರಿಗೆ ಕಳಿಸಿತ್ತು. ಅಲ್ಲಿಂದೀಚೆಗೆ ಎಲ್ಲಿ ಅಟ್ಟಣಿಗೆ ಕಟ್ಟಿದರೂ ತುದಿಯ ಹಲಗೆ ಒಮ್ಮೊಮ್ಮೆ ಯಾರೋ ಕಾಲಿಟ್ಟಂತೆ ಬಾಗುತ್ತದೆ. ಜೊತೆಗಾರ ಇರ್ಷಾದನೂ ಅದನ್ನು ಕಂಡಿದ್ದ. ಕಂಡದ್ದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಐತಪ್ಪ ಬದುಕಿದ್ದಾಗ ಒಮ್ಮೆಯೂ ಓಟು ಹಾಕಿದವನಲ್ಲ. ಊರಿನಲ್ಲಿ ಗದ್ದೆ ಕೆಲಸ ಮುಗಿಸಿ ಮತಗಟ್ಟೆಗೆ ಹೋಗುವಷ್ಟರಲ್ಲಿ ಧಣಿಯ ಕಡೆಯವರು, ನಿನ್ನದು ಆಯ್ತಲ್ಲ ಮಾರಾಯ ಎಂದು ಮೆಟ್ಟಿಲಿನಿಂದಲೇ ಅಟ್ಟುತ್ತಿದ್ದರು. ಕ್ಯಾಂಪಿನ ಮೇಲಿನ ಮಂಚದಿಂದ ಬಗ್ಗಿ ಒಮ್ಮೆ ಹೇಳಿದ್ದ: "ಒಂದು ಸರ್ತಿಯಾದ್ರೂ ನಮ್ಮ ಬೆರಳಲ್ಲೇ ಒತ್ಬೇಕು ಕಿಟ್ಟ. ನಾನಲ್ದಿದ್ರೆ ನೀನು." ಕಿಟ್ಟಣ್ಣ ಹೂಂ ಎಂದಿದ್ದ. ಆ ಹೂಂ ಈಗ ಸಾಲವಾಗಿ ಕುತ್ತಿಗೆಗೆ ಸುತ್ತಿಕೊಂಡಿತ್ತು.

ಊರಿನಲ್ಲಿ ಮತದಾನ ನಡೆದ ದಿನ, ಊಟದ ಹೊತ್ತಿಗೆ ಐತಪ್ಪನ ಹೆಂಡತಿ ಲೀಲಾಕ್ಷಿಯ ಫೋನು ಬಂತು.

"ಕಿಟ್ಟ, ನಿನ್ನಣ್ಣ ಓಟು ಹಾಕಿದ್ರು."

"ಎಂಥ ಹೇಳ್ತೀರಿ ಅತ್ತಿಗೆ?"

"ಧಣಿಯ ಡ್ರೈವರ ನನ್ನೆದುರೇ ಅವರ ಹೆಸರು ಹೇಳಿದ, ಬೆರಳಿಗೆ ಶಾಯಿ ಹಾಕಿಸ್ಕೊಂಡ. ನಾನು ಹೇಳಿದೆ, ಪೆಟ್ಟಿಗೆ ತೆಗೆದು ಮುಖ ನೋಡಿದವಳು ನಾನು, ಅವರು ಸತ್ತು ವರ್ಷ ಆಗ್ತಾ ಬಂತು ಅಂತ."

"ಆಫೀಸರು?"

"ತಕರಾರು ಎತ್ಲಿಕ್ಕೆ ಏಜೆಂಟರಿಗೆ ಮಾತ್ರ ಅಧಿಕಾರವಂತೆ. ನೀನು ಏಜೆಂಟಾ ಅಂತ ನನ್ನನ್ನೇ ಕೇಳಿದ್ರು. ಬೇರೆ ಬೇರೆ ಪಾರ್ಟಿಯ ಏಜೆಂಟರು ಸಾಲಾಗಿ ಕೂತಿದ್ರು. ಎಲ್ಲ ಧಣಿಯ ಒಕ್ಕಲು ಮಕ್ಕಳೇ. ಒಬ್ಬನೂ ತಲೆ ಎತ್ತಲಿಲ್ಲ. ಹೊರಗೆ ಬಂದು ಆ ಡ್ರೈವರ ನಗಾಡಿದ. ಗಂಡ ಬಂದದ್ದಕ್ಕೆ ಖುಷಿಪಡು ಮಾರಾಯ್ತಿ, ಅಂತ."

ಮುಂದಿನ ಶುಕ್ರವಾರ ಮನಾಮಾದ ಹೂರಾ ಬಡಾವಣೆಯ ಹಾಲೊಂದರಲ್ಲಿ, ಊರಿಗೆ ಹೋಗಿ ಮತ ಹಾಕಿ ಬಂದವರಿಗೆ ಸನ್ಮಾನ. ಖುರ್ಚಿ ತುಂಬಿಸಲು ಕ್ಯಾಂಪಿನವರನ್ನು ಬಸ್ಸಿನಲ್ಲಿ ತಂದಿದ್ದರು. ವಿಮಾನದಲ್ಲಿ ಹೋಗಿ ಬಂದ ನಾಲ್ಕಾರು ಮಂದಿಗೆ ಮುಖ್ಯ ಅತಿಥಿಗಳು ಶಾಲು ಹೊದಿಸಿದರು. ಕಡೆಯವನು ನಂಜುಂಡಸ್ವಾಮಿ. ಪೇಟ ತೊಟ್ಟು, ಶಾಯಿಯ ಬೆರಳೆತ್ತಿ ಮೈಕಿನಲ್ಲಿ ಕೇಳಿದ: "ಇನ್ನು ಯಾರಾದ್ರೂ ಬಿಟ್ಟು ಹೋಗಿದ್ರೆ ಹೇಳ್ಬೇಕು."

"ಒಬ್ಬ ಉಂಟು ಸಾರ್." ಕಿಟ್ಟಣ್ಣ ಎದ್ದಿದ್ದ.

"ಕೂತ್ಕೋ ಮಾರಾಯ, ಕೆಲಸ ಹೋಗ್ತದೆ," ಎಂದು ಇರ್ಷಾದ್ ಅಂಗಿ ಜಗ್ಗಿದ. ಕಿಟ್ಟಣ್ಣ ಕೊಸರಿಕೊಂಡು ವೇದಿಕೆ ಹತ್ತಿ, ತಟ್ಟೆಯಲ್ಲಿ ಉಳಿದಿದ್ದ ಶಾಲನ್ನು ಎತ್ತಿಕೊಂಡ.

"ನನ್ನಣ್ಣ ಐತಪ್ಪ. ನಿಮ್ಮದೇ ಕಂಪೆನಿ. ಇಲ್ಲಿ ಹಲಗೆ ಮೇಲೆ ಸತ್ತ, ಅಲ್ಲಿ ಮೊನ್ನೆ ಓಟು ಹಾಕಿದ. ರಜೆ ಕೇಳಲಿಲ್ಲ, ಪಾಸ್‌ಪೋರ್ಟು ಕೇಳಲಿಲ್ಲ. ಅವನಿಗೂ ಒಂದು ಶಾಲು ಹೊದಿಸಿ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಅಲ್ಲೇ ನಿಂತುಹೋಯಿತು.

"ಇಳಿಯೋ ಕೆಳಗೆ, ಸೂಳೆಮಗನೆ." ನಂಜುಂಡಸ್ವಾಮಿಯ ಮೈಕು ಆರಿರಲಿಲ್ಲ; ಹಾಲಿಗೆಲ್ಲ ಕೇಳಿಸಿತು. "ನಾಳೆನೇ ವೀಸಾ ಕ್ಯಾನ್ಸಲ್ ಮಾಡ್ಸಿ ಊರಿಗೆ ಅಟ್ತೀನಿ."

"ಅಟ್ಟಿ ಸಾರ್. ಆವಾಗಾದ್ರೂ ಪಾಸ್‌ಪೋರ್ಟು ನನ್ನ ಕೈಗೆ ಬರ್ತದೆ."

ಮುಖ್ಯ ಅತಿಥಿಗಳು ಎದ್ದದ್ದರಿಂದ ಖಾಲಿಯಾಗಿದ್ದ ನಡುವಿನ ಖುರ್ಚಿಗೆ ಕಿಟ್ಟಣ್ಣ ಶಾಲು ಹೊದಿಸಿದ, ಹೆಗಲಿರಬೇಕಾದಲ್ಲಿ ಹೆಗಲು ಇದೆಯೆಂಬಂತೆ ಮಡಿಕೆ ಸರಿಮಾಡಿ. "ನಾನು ಹೂಂ ಅಂದದ್ದು ಬಾಕಿ ಉಂಟು ಅಣ್ಣ," ಎಂದ, ಮೆಲ್ಲಗೆ. ಅಷ್ಟರಲ್ಲಿ ಇಬ್ಬರು ಸ್ವಯಂಸೇವಕರು ತೋಳು ಹಿಡಿದು ಅವನನ್ನು ಬಾಗಿಲವರೆಗೆ ಎಳೆದೊಯ್ದರು.

ಬಾಗಿಲಿನಿಂದ ಅವನಿಗೆ ಕಾಣುತ್ತಿತ್ತು. ಮುಖ್ಯ ಅತಿಥಿಗಳು ಶಾಲು ಸರಿಸಿ ಕೂರಲೆಂದು ಕೈ ಚಾಚಿದವರು, ಯಾಕೋ ಕೈ ಹಿಂದಕ್ಕೆ ತೆಗೆದು ನಿಂತೇ ಉಳಿದರು. ನಂಜುಂಡಸ್ವಾಮಿ ಗಡಿಬಿಡಿಯಲ್ಲಿ ರಾಷ್ಟ್ರಗೀತೆ ಹಾಕಿಸಿದ. ಸಭೆಯೆಲ್ಲ ಎದ್ದು ನಿಂತಿತು. ವೇದಿಕೆಯ ನಟ್ಟನಡುವೆ ಐತಪ್ಪ ಒಬ್ಬನೇ ಕೂತಿದ್ದ.