ಅರಿವೆಯ ಕೆಳಗಿನ ಕೈ

ಹುಬ್ಬಳ್ಳಿಯ ಹತ್ತಿಪೇಟೆಯ ದಲಾಲ ಕುಬೇರಪ್ಪ ಮೂರು ಜನರನ್ನು ಹೊತ್ತೆಷ್ಟೆಂದು ಕೇಳಿ, ಆಮೇಲೆ ತನ್ನ ಕಿಸೆಯ ಗಡಿಯಾರ ತೆಗೆದು ನೋಡುತ್ತಿದ್ದ. ಮೂವರೂ ಒಂದೇ ಹೊತ್ತು ಹೇಳಿದರೆ ಅವನ ಹುಬ್ಬು ಇನ್ನಷ್ಟು ಗಂಟಿಕ್ಕುತ್ತಿತ್ತು. ಮೂವರೂ ಮೊದಲೇ ಮಾತಾಡಿಕೊಂಡಿದ್ದಾರೆಂದೇ ಅವನ ಅನುಮಾನ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗದ ಕಾಲವದು. ಉಣಕಲ್ಲಿನ ಕಡೆಯಿಂದ ಬರುವ ಚಕ್ಕಡಿಗಳ ಸಾಲು ಬಿಸಿಲೇರುವ ಮೊದಲೇ ಪೇಟೆ ಮುಟ್ಟುತ್ತಿತ್ತು. ಅವುಗಳಿಂದಿಳಿದ ಹತ್ತಿ ತುಂಬಿದ ಅಂಡಿಗೆಗಳ ನಡುವೆ, ಮೀಸೆಗೆ ಹತ್ತಿಯ ಎಳೆ ಅಂಟಿಸಿಕೊಂಡು, ಚೈತ್ರದ ಉರಿಯಲ್ಲೂ ಕರಿ ಕೋಟು ಕಳಚದೆ, ಎರಡು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತ ನಡೆಯುವ ಆ ಗಿಡ್ಡ ಆಕೃತಿಯನ್ನು ಗುರುತಿಸದವರಿರಲಿಲ್ಲ. ಕೋಟಿನ ಒಳಕಿಸೆಯನ್ನು ಅವನೇ ಸೂಜಿ ಹಿಡಿದು ಹೊಲಿದುಕೊಂಡಿದ್ದ. ಕಿಸೆ ಎಲ್ಲಿದೆಯೆಂಬುದು ಸಿಂಪಿಗನಿಗೂ ತಿಳಿಯಬಾರದಲ್ಲ! ಯಾರಾದರೂ "ಬಿಸಿಲು ಭಾಳ ಆತ್ರೀ" ಎಂದರೂ ಸಾಕು, "ಹಂಗಂದ್ರ?" ಎಂದು ಕಣ್ಣು ಕಿರಿದು ಮಾಡುತ್ತಿದ್ದ.

ಪೇಟೆಯಲ್ಲಿ ಆಗ ದರವನ್ನು ಬಾಯಿಂದ ಹೇಳುವ ಪದ್ಧತಿಯಿರಲಿಲ್ಲ. ದಲಾಲನೂ ಗಿರಾಕಿಯೂ ಎದುರುಬದುರು ನಿಂತು, ಬಲಗೈಗಳ ಮೇಲೊಂದು ಅರಿವೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಒತ್ತಿ ದರ ಕೂಡಿಸುತ್ತಿದ್ದರು. ಬಾಯಲ್ಲಿ ಮಳೆ, ಬೆಳೆ, ಮಗಳ ಮದುವೆಯ ಮಾತು, ವ್ಯಾಪಾರವೆಲ್ಲ ಬೆರಳಲ್ಲಿ. ಆಗ ಕುಬೇರಪ್ಪ ಬೀದಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದ, ಬೆಳಕು ಗಿರಾಕಿಯ ಮುಖಕ್ಕೆ ಬಿದ್ದು ಅವನ ಕಣ್ಣಿನ ಸುಳ್ಳು ತನಗೆ ಕಾಣಲೆಂದು. ಎಡಗೈಯನ್ನು ಬೆನ್ನ ಹಿಂದೆ ತಂದು ಕೋಟಿನ ಅಂಚನ್ನು ಭದ್ರವಾಗಿ ಹಿಡಿದಿರುತ್ತಿದ್ದ, ಕಿಸೆಗಳ್ಳರಿಗೆ ಹೆದರಿ. ಅವನ ಬೆನ್ನ ಹಿಂದೆ ನಿಲ್ಲುವ ಅಧಿಕಾರವಿದ್ದದ್ದು ಒಬ್ಬನಿಗೇ: ಅಂಡಿಗೆಯಲ್ಲಿ ತೋಳು ತೂರಿಸಿ ಮಾಲಿನ ನಮೂನೆ ಕೀಳುತ್ತಿದ್ದ ಪಿಂಜಾರರ ಕಮರುದ್ದೀನನಿಗೆ.

ಆ ಸುಗ್ಗಿಯಲ್ಲಿ ಕುಬೇರಪ್ಪ ಕುದುರಿಸುತ್ತಿದ್ದ ವ್ಯಾಪಾರಗಳು ಒಂದೊಂದಾಗಿ ಮುರಿಯತೊಡಗಿದವು. ಅವನು ಅರಿವೆಯ ಕೆಳಗೆ ದರ ಒತ್ತಿ, ಗಿರಾಕಿ ವಿಚಾರಿಸುತ್ತೇನೆಂದು ನಾಲ್ಕು ಹೆಜ್ಜೆ ಸರಿಯುವಷ್ಟರಲ್ಲಿ ಎದುರಂಗಡಿಯ ದಲಾಲ ಅದಕ್ಕಿಂತ ತುಸು ಇಳಿಸಿ ಹೇಳಿ ಕರೆದೊಯ್ಯುತ್ತಿದ್ದ. ಮಾಲು ಬಿಕರಿಯಾಗದೆ ರೈತರು ಗೊಣಗತೊಡಗಿದರು, ಇನ್ನೊಂದು ವಾರ ಹೀಗೇ ನಡೆದರೆ ಚಕ್ಕಡಿಗಳೆಲ್ಲ ಎದುರಂಗಡಿಗೇ ತಿರುಗುವುದು ನಿಶ್ಚಯವಾಗಿತ್ತು. ಕುಬೇರಪ್ಪ ಮೊದಲು ಅರಿವೆಯನ್ನೇ ಸಂಶಯಿಸಿ ಸೂರ್ಯನಿಗೆ ಹಿಡಿದು ನೋಡಿದ. ಅದನ್ನು ಬಿಟ್ಟು ಕಂಬಳಿ ತಂದ. ಗಿರಾಕಿಯ ಕೈ ಬೆವರಿ ಜಾರಿತೇ ಹೊರತು ಗುಟ್ಟು ನಿಲ್ಲಲಿಲ್ಲ. ಕೊನೆಗೆ ಕಮರುದ್ದೀನನ ಮೇಲೆ ತಿರುಗಿಬಿದ್ದ.

"ನನ್ನ ಬೆನ್ನಿಗಿರಾಂವ ನೀನೊಬ್ಬನ. ಒಳಗಿನ ದರ ಆಚೀಕ ಹ್ಯಾಂಗ ಹೋಗತೈತಿ?"

"ಕಾಕಾ, ಕಂಬಳಿ ಒಳಗಿಂದು ನನಗೇನ್ ಕಾಣತೈತ್ರಿ?"

"ಕಾಣದನ ದರ ಹೇಳಾಕತ್ತೀಯಂದ್ರ ನೀ ಇನ್ನೂ ದೊಡ್ಡ ಕಳ್ಳ!"

ಇದೆಂಥ ನ್ಯಾಯ! ನಡುಪೇಟೆಯಲ್ಲಿ ನಾಲ್ಕು ಮಂದಿಯ ಮುಂದೆ ಕಳ್ಳನೆನ್ನಿಸಿಕೊಂಡವನಿಗೆ ಬೇರೆ ಯಾವ ಅಂಗಡಿಯೂ ಬಾಗಿಲು ತೆರೆಯುವುದಿಲ್ಲ. ಕಮರುದ್ದೀನ ಮೈಮೇಲಿನ ಹತ್ತಿ ಕೊಡವಿಕೊಂಡು, ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಒಂದು ವ್ಯಾಪಾರವೂ ಉಳಿಯಲಿಲ್ಲ, ಎಲ್ಲವೂ ಮುರಿದವು. ಕುಬೇರಪ್ಪ ಹಮಾಲರ ಮುಖ, ಗಿರಾಕಿಗಳ ಉಂಗುರ, ಮಾಡಿನ ಹಂಚುಗಳನ್ನು ಸಹ ಬಿಡದೆ ದಿಟ್ಟಿಸುತ್ತಿದ್ದಾಗ, ಚೆಲ್ಲಿದ ಹತ್ತಿ ಗುಡಿಸುವ ಉಡಚವ್ವ ಕಸಬರಿಗೆ ನೆಲಕ್ಕೂರಿ ನಕ್ಕಳು.

"ಯಾರನ್ನ ಹುಡುಕಾಕತ್ತೀರಿ ಸಾವ್ಕಾರ್ರ? ನಿಮ್ಮ ಬೆನ್ನ ಹಿಂದಿನ ಕೈಯಾಗ ನೋಡ್ರಿ. ಬಲಗೈ ಒಳಗ ಎಷ್ಟು ಒತ್ತತೈತಿ, ಕೋಟು ಹಿಡದ ಎಡಗೈ ಹೊರಗ ಅಷ್ಟ ಬೆರಳು ಕುಣಸತೈತಿ! ಕಸಾ ಹೊಡಿಯೋ ನನಗ ತಿಳದೈತಿ, ಎದುರಂಗಡ್ಯಾವ್ರು ಕುರುಡರೇನ್ರಿ?"

ಪೇಟೆಯೆಲ್ಲ ಘೊಳ್ಳೆಂದಿತು. ಕುಬೇರಪ್ಪ ತನ್ನ ಎಡಗೈಯನ್ನು ಮುಖದ ಮುಂದೆ ತಂದು, ಯಾರದೋ ಮಾಲನ್ನು ಪರೀಕ್ಷಿಸುವವನಂತೆ ಹೊರಳಿಸಿ ಹೊರಳಿಸಿ ನೋಡಿದ. ಹುಟ್ಟಿದಾಗಿನಿಂದ ಅವನು ಸಂಶಯಪಡದೆ ಬಿಟ್ಟ ಪ್ರಾಣಿ ಅದೊಂದೇ.

ಸಂಜೆ ಕಮರುದ್ದೀನನ ಮನೆಯ ಬಾಗಿಲಿಗೆ ಹೋದ. ಕಮರುದ್ದೀನ ಅಪ್ಪನ ಕಾಲದ ಬಿಲ್ಲನ್ನು ಮೂಲೆಯಿಂದ ತೆಗೆದು ಯಾರದೋ ಗಾದಿಗೆ ಅರಳೆ ಹಿಂಜುತ್ತಿದ್ದ. ತಪ್ಪಾಯಿತೆನ್ನುವ ಮಾತು ಕುಬೇರಪ್ಪನ ನಾಲಿಗೆಗೆ ಬರುವಂಥದಲ್ಲ. ಅಲ್ಲಿಯೂ ಅವನು ವಿಚಾರಣೆಗೇ ಇಳಿದ.

"ಈ ಕೈ ಸುದ್ದಿ ನಿನಗ ಗೊತ್ತಿತ್ತೇನು?"

"ಹ್ವಾದ ದೀಪಾವಳಿಯಿಂದ ಗೊತ್ತಿತ್ರಿ, ಕಾಕಾ."

"ಮತ್ಯಾಕ ಬಾಯಿ ಬಿಡಲಿಲ್ಲ?"

ಕಮರುದ್ದೀನ ಬಿಲ್ಲಿನ ನಾದ ನಿಲ್ಲಿಸಿದ. "ನೋಡಿದೆ ಅಂದ್ರ, ಯಾಕ ನೋಡಿದಿ ಅಂತಿದ್ರಿ. ಅದಕ್ಕ ಸುಮ್ಮನ ಆ ಕೈಗೆ ಅಡ್ಡ ನಿಂದರತಿದ್ದೆ. ನಾನೊಬ್ಬ ಎಷ್ಟಂತ ಅಡ್ಡಾಗಲ್ರಿ?"

ಕುಬೇರಪ್ಪ ಎಡಗೈಯನ್ನು ಕೋಟಿನ ಕಿಸೆಯೊಳಗೆ ತುರುಕಿದ. "ನಾಳಿಗೆ ಬಾ. ಬೇಕಾದ್ರ ಪೇಟ್ಯಾಗ ನಾನ ಹೇಳತೇನಿ, ನಿಂದೇನೂ ತಪ್ಪಿಲ್ಲಂತ."

"ಹೇಳ್ರಿ. ಅದು ನನ್ನ ಹೆಸರಿಗೆ ಬೇಕು. ಬರೂದು ಮಾತ್ರ ಆಗೂದಿಲ್ಲ, ಕಾಕಾ." ಬಿಲ್ಲು ಮತ್ತೆ ಝೇಂಕರಿಸಿತು.

ಕುಬೇರಪ್ಪ ಪೇಟೆಯಲ್ಲಿ ಹೇಳಿದ, ನಿಜ, ಎಲ್ಲರೂ ಕೇಳಿದರು. ನಮೂನೆ ಕೀಳಲು ಆಮೇಲೆ ಎಷ್ಟೋ ಮಂದಿ ಬಂದರು, ಹೋದರು. ಅವನ ಬೆನ್ನ ಹಿಂದೆ ಮಾತ್ರ ಮತ್ತೆ ಯಾರೂ ನಿಲ್ಲಲಿಲ್ಲ. ಸಂಶಯವನ್ನೇ ಬಂಡವಾಳ ಮಾಡಿಕೊಂಡವರ ಬಗೆಯೇ ಹೀಗೆ. ಮೋಸಗಾರನಿಗೆ ಅವರ ಸಂಗಡ ತ್ರಾಸವೇನಿಲ್ಲ. ಅವನು ಅವರು ನೆನೆಸಿದಂತೆಯೇ ನಡೆಯುವವನು. ತ್ರಾಸವೆಲ್ಲ ಅವರ ಹಿತ ಬಯಸುವವನಿಗೆ: ತಾನು ಮಾಡುವ ಒಳಿತನ್ನು ಆತ ಕಳ್ಳನಂತೆ, ಸದ್ದಿಲ್ಲದೆ ಮಾಡಬೇಕಾಗುತ್ತದೆ.