ಉಳಿದ ತುಂಡು

ಆಸ್ಪತ್ರೆಯ ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ಟೈಲರಮ್ಮ ದುರುಗುಟ್ಟಿಕೊಂಡು ನೋಡಿದಳು. ಇವತ್ತು ಅದು ಎಪ್ಪತ್ತೆರಡು ಕಿಲೊ ದಾಟಿ ತೋರಿಸಿದರೆ ತಮ್ಮನಿಗೆ ಅವಳ ಕಿಡ್ನಿ ಕೊಡುವ ಹಾಗಿಲ್ಲ. ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮನೆಮಂದಿಯಲ್ಲಿ ಹೊಂದಿಕೆಯಾದದ್ದು ಅವಳೊಬ್ಬಳದೇ.

ತಮ್ಮನೋ ಪಕ್ಕದ ಬೆಂಚಿನಲ್ಲಿ ಹೆಂಡತಿಗೆ ಒರಗಿ ಕೂತಿದ್ದ. ಒಂದು ಕಾಲಕ್ಕೆ ಪತ್ರದ ಚೀಲ ಹೆಗಲಿಗೇರಿಸಿ ಊರೆಲ್ಲ ಸುತ್ತುತ್ತಿದ್ದ ಅಂಚೆಯವನು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್ ಹಾಸಿಗೆಯೇ ಗತಿ.

ಆರು ತಿಂಗಳ ಹಿಂದೆ ಟೈಲರಮ್ಮನ ತೂಕ ಎಂಬತ್ತನಾಲ್ಕಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂತಲ್ಲೇ ಊಟ, ಕೂತಲ್ಲೇ ತೂಕಡಿಕೆ, ನಡುನಡುವೆ ಬಿಸ್ಕತ್ತು. ಮೈಯೂ ದೇವರ ಮನೆ, ಅದರಿಂದಲೂ ಆತನಿಗೆ ಗೌರವ ಸಲ್ಲಬೇಕು ಎಂದು ಪಾದ್ರಿಗಳು ಚರ್ಚಿನಲ್ಲಿ ಹೇಳಿದಾಗಲೆಲ್ಲ ಅವಳು ಸೆರಗಿನ ಮರೆಯಲ್ಲಿ ಆಕಳಿಸುತ್ತಿದ್ದಳು. ಇಪ್ಪತ್ತು ವರ್ಷದಿಂದ ಬಲಿಪೀಠದ ಹೊದಿಕೆ ಹೊಲಿದು ಕೊಟ್ಟವಳು ತಾನು, ಇನ್ನೇನು ಗೌರವ ಬೇಕಂತೆ? ಅಲ್ಲದೆ ಅವಳಷ್ಟು ಪ್ರಾಮಾಣಿಕ ಟೈಲರು ಊರಲ್ಲೇ ಇರಲಿಲ್ಲ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಗೇಣುದ್ದ ಉಳಿದರೂ ಮಡಚಿ, ಗಂಟು ಕಟ್ಟಿ, ರವಿಕೆಯ ಜೊತೆಗೇ ವಾಪಸ್ ಕೊಡುತ್ತಿದ್ದಳು. ಬೇಡವೆಂದವರನ್ನು ಬೈದು ಕಳಿಸುತ್ತಿದ್ದಳು.

"ಈ ಮೈ ಇಟ್ಕೊಂಡು ಆಪರೇಷನ್ ಆಗಲ್ಲಮ್ಮ" ಎಂದು ಡಾಕ್ಟರು ಹೇಳಿದ ದಿನ ಮಾತ್ರ ಆಕಳಿಕೆ ಹಾರಿಹೋಯಿತು. ದೇವರ ಮನೆಯನ್ನು ತಾನು ಉಗ್ರಾಣ ಮಾಡಿಟ್ಟಿದ್ದೇನೆ ಎಂದು ಮನಸ್ಸಿಗೆ ಚುರುಕ್ ಎಂದಿತು. ಮಾರನೆಯ ದಿನವೇ ಬಿಸ್ಕತ್ತಿನ ಡಬ್ಬಿಗೆ ಗುಂಡಿಗಳು ಬಂದು ಕೂತವು. ಬೆಳಗಾದರೆ ಕೆರೆ ಸುತ್ತ ನಡಿಗೆ. ನಾಲಿಗೆ ಕಟ್ಟಿದಳು, ಮಂಡಿ ನೋವು ನುಂಗಿದಳು. ಹಿಡಿದದ್ದನ್ನು ಬಿಡುವ ಜಾತಿಯಲ್ಲ ಅದು.

"ಬನ್ನಿಮ್ಮಾ, ಹತ್ತಿ" ಎಂದಳು ನರ್ಸು.

"ಅಕ್ಕ, ಚಪ್ಪಲಿ ಬಿಡು!" ತಮ್ಮ ಕೂತಲ್ಲಿಂದಲೇ ಕೂಗಿದ. "ಬಳೆ ತೆಗಿ! ಉಸಿರೂ ಬಿಟ್ಬಿಡು!"

"ಉಸಿರು ಬಿಟ್ರೆ ಕಿಡ್ನಿ ಯಾರೋ ಕೊಡ್ತಾರೆ ನಿಂಗೆ?"

ಹತ್ತಿ ನಿಂತಳು. ಕೆಂಪು ಅಂಕಿಗಳು ಕುಣಿದು ನಿಂತವು. ಎಪ್ಪತ್ತೆರಡೂ ಕಾಲು.

ಟೈಲರಮ್ಮ ಕೆಳಗಿಳಿದಳು. ಆರು ತಿಂಗಳ ಉಪವಾಸ, ಕೆರೆ, ಮಂಡಿ, ಎಲ್ಲವೂ ಬರೀ ಕಾಲು ಕಿಲೊಗೆ ಮಣ್ಣುಪಾಲು. ಅವಳು ತಮ್ಮನ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

"ಅತ್ತಿಗೆ!" ತಮ್ಮನ ಹೆಂಡತಿ ದಡಬಡ ಎದ್ದು ಬಂದು ಅವಳ ಸೊಂಟಕ್ಕೇ ಕೈ ಹಾಕಿದಳು. "ಇದೇನ್ರೀ ಗಟ್ಟಿಗೆ?"

ಸೀರೆಯ ನೆರಿಗೆಯ ಪಕ್ಕ ಟೈಲರಮ್ಮ ತಾನೇ ಹೊಲಿದುಕೊಂಡ ಜೇಬು. ಅದರೊಳಗಿಂದ ಹೊರಬಂತು ಮೊಳಕೈಯುದ್ದದ ಕಬ್ಬಿಣದ ಕತ್ತರಿ! ಎದ್ದರೆ, ಕೂತರೆ, ಚರ್ಚಿಗೆ ಹೋದರೆ, ಅದು ಅವಳ ಜೊತೆಗೇ. ಮೂವತ್ತು ವರ್ಷ ಹೊತ್ತದ್ದು ಹೊರೆ ಅನ್ನಿಸುವುದನ್ನೇ ಬಿಟ್ಟಿತ್ತು.

"ಅಯ್ಯೋ ನನ್ ಮಂಡೆಗಿಷ್ಟು!" ಎಂದು ಟೈಲರಮ್ಮ ಹಣೆ ಚಚ್ಚಿಕೊಂಡು ಮತ್ತೆ ಹತ್ತಿದಳು.

ಎಪ್ಪತ್ತೊಂದೂ ಮುಕ್ಕಾಲು.

"ಆಯ್ತು! ಆಯ್ತು!" ನರ್ಸೇ ಚಪ್ಪಾಳೆ ತಟ್ಟಿದಳು. ತಮ್ಮನ ಹೆಂಡತಿ ಕತ್ತರಿಯನ್ನು ಕೈಯಲ್ಲಿ ಹಿಡಿದೇ ಕುಣಿದಾಗ ಸಾಲಿನಲ್ಲಿದ್ದವರು ಗಾಬರಿಯಿಂದ ದೂರ ಸರಿದರು. ಟೈಲರಮ್ಮನಿಗೆ ನಗುವೂ ಅಳುವೂ ಒಟ್ಟೊಟ್ಟಿಗೇ ಬಂದವು. ಇಷ್ಟು ಸಂತೋಷವನ್ನು ಅವಳು ಜನ್ಮದಲ್ಲೇ ಕಂಡಿರಲಿಲ್ಲ.

ತಮ್ಮ ಮಾತ್ರ ತಲೆ ತಗ್ಗಿಸಿ ಬಿಕ್ಕುತ್ತಿದ್ದ. "ನಿನ್ ಮೈ ಕುಯ್ಸಿಕೊಂಡು ನಂಗೆ ಕೊಡ್ತಿದ್ದೀಯಲ್ಲಕ್ಕ, ನಾ ಹೆಂಗೆ ಇಸ್ಕೊಳ್ಳಲಿ?"

ಅವಳು ಅವನ ಪಕ್ಕ ಕೂತು, ಸೆರಗಿನಿಂದ ಅವನ ಮೂಗು ಒರೆಸಿದಳು, ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೇ ಜೋರಾಗಿ.

"ಮೈ ನಂದೆಲ್ಲೋ? ಬಟ್ಟೆ ಆತನದು, ನಾನು ಬರೀ ಟೈಲರು. ಎರಡು ಕೊಟ್ಟಿದ್ದ, ನಂಗೆ ಒಂದು ಸಾಕಾಯ್ತು. ಉಳಿದ ತುಂಡನ್ನ ನಾನ್ಯಾವತ್ತಾದ್ರೂ ಇಟ್ಕೊಂಡಿದ್ದೀನೇನೋ?"