ಮೂರನೇ ಬೆಲ್ಟಿನ ಪಂದ್ಯ

ಹರ್ಷವರ್ಧನನ ತಾಯಿ ಮೈಸೂರಿನಲ್ಲಿ ಮಡಿ ಮಾಡುತ್ತಿದ್ದರು. ಮಗ ಸಿಂಗಪುರದ ಜುರಾಂಗ್ ಈಸ್ಟಿನ ಫ್ಲ್ಯಾಟಿನಲ್ಲಿ ಅವರನ್ನೂ ಮೀರಿಸಿದ್ದ. ಅವರ ಮಡಿ ಮುಟ್ಟಿದರೆ ಕೆಡುತ್ತಿತ್ತು, ಇವನದು ಸುದ್ದಿ ಕಿವಿಗೆ ಬಿದ್ದರೆ ಕೆಡುತ್ತಿತ್ತು. ಟೋಕಿಯೋದಲ್ಲಿ ರೆಸ್ಲಿಂಗಿನ ದೊಡ್ಡ ಷೋ ನಡೆದ ಮಾರನೆಯ ದಿನ ಅವನು ಫೋನಿನ ಇಂಟರ್‌ನೆಟ್ ಆರಿಸಿಬಿಡುತ್ತಿದ್ದ. ಸಂಜೆ ಆಫೀಸಿನಿಂದ ನೆಟ್ಟಗೆ ಮನೆಗೆ ಬಂದು, ರೆಕಾರ್ಡ್ ಆಗಿದ್ದ ಷೋವನ್ನು ಕ್ಯಾಮೆರಾ ಮುಂದೆ ಕೂತು ಮೊದಲ ಸಲ ನೋಡುತ್ತ, ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಲೈವ್ ವಿಮರ್ಶೆ ಮಾಡುತ್ತಿದ್ದ. ಅದೂ ಚಾಂಪಿಯನ್‌ಶಿಪ್ ಬೆಲ್ಟಿಗಾಗಿ ನಡೆದ ಪಂದ್ಯಗಳನ್ನು ಮಾತ್ರ. ಯಾವನಾದರೂ ಪುಣ್ಯಾತ್ಮ ಫಲಿತಾಂಶ ಒದರಿಬಿಟ್ಟಾನೆಂದು ಚಾಟನ್ನೂ ಮುಚ್ಚಿಡುತ್ತಿದ್ದ.

ಹೆಂಡತಿ ಪ್ರಣತಿಗೆ ಇದೆಲ್ಲ ಮೊದಮೊದಲು ನಗೆಪಾಟಲು. “ಯಾರು ಗೆಲ್ಬೇಕು ಅಂತ ಮೊದ್ಲೇ ಡಿಸೈಡ್ ಆಗಿರೋ ಕುಸ್ತಿಗೆ ಇಷ್ಟೊಂದು ಮಡೀನಾ?” ಎಂದು ಕಾಲೆಳೆಯುತ್ತಿದ್ದಳು.

“ಗೆಲ್ಲೋದು ಯಾರು ಅನ್ನೋದಲ್ಲ ಕಣೆ ಮ್ಯಾಟರ್. ಬಿದ್ದೋನನ್ನ ನೋಡಿ ನಮ್ಗೆ ನೋವಾಗ್ಬೇಕು. ನಾನು ನೋಡೋದಕ್ಕೆ ಮುಂಚೆನೇ ಗೊತ್ತಾಗ್ಬಿಟ್ರೆ, ಮ್ಯಾಚಿಗೆ ಇಷ್ಟು ಸ್ಟಾರ್ ಅಂತ ಕೊಡೋದು ಮೋಸ ಅಲ್ವಾ?” ಎನ್ನುತ್ತಿದ್ದ ಹರ್ಷ.

ಆ ಮಾತು ಅವಳಿಗೆ ಹಿಡಿಸಿತ್ತು. ಮುನ್ನೂರು ಜನ ನೋಡಿದರೆ ಹಬ್ಬ ಮಾಡುತ್ತಿದ್ದ ಚಾನೆಲ್ ಅದು, ಅದರಿಂದ ಒಂದು ಹೊತ್ತಿನ ಕಾಫಿಯ ಕಾಸೂ ಹುಟ್ಟುತ್ತಿರಲಿಲ್ಲ. ಅಂಥದ್ದರಲ್ಲೂ ಮೋಸ ಮಾಡದ ಗಂಡ ಸಿಕ್ಕಿದ್ದಾನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಗೆಳತಿಯರು ತಮ್ಮ ಗಂಡಂದಿರ ಶೇರು, ಕಾಂಡೋ ಮನೆಗಳ ಮಾತೆತ್ತಿದಾಗ ಇವಳು ಈ ಮಡಿಯ ಕಥೆ ಹೇಳಿ ನಗಿಸುತ್ತಿದ್ದಳು.

ಆ ಗುರುವಾರ ಸಂಜೆ ಪ್ರಣತಿ ಪಾಯಾ ಲೆಬಾರ್‌ನ ತನ್ನ ಆಫೀಸಿನಿಂದ ಹೊರಬೀಳುವಾಗ ವಿಭವನ ಫೋನ್ ಬಂತು. ಹರ್ಷನ ವಿಡಿಯೋಗಳನ್ನು ಎಡಿಟ್ ಮಾಡಿಕೊಡುವ ಗೆಳೆಯ ಅವನು.

“ಅತ್ತಿಗೆ, ಹರ್ಷ ಲೈವ್ ಹೋದ್ನಾ? ಫೋನೇ ತೆಗೀತಿಲ್ಲ.”

“ಇಷ್ಟೊತ್ತಿಗೆ ಶುರು ಮಾಡಿರ್ತಾನೆ. ಯಾಕೆ?”

“ಮಿಕುರಿಯಾ ಹೋಗ್ಬಿಟ್ಟ ಅತ್ತಿಗೆ. ನಿನ್ನೆ ಕೊನೇ ಮ್ಯಾಚಲ್ಲಿ ಕತ್ತು ಅಡಿಯಾಗಿ ಬಿದ್ದ. ಆಸ್ಪತ್ರೇಲಿ ಬೆಳಗಿನ ಜಾವ ತೀರ್ಕೊಂಡ. ಇವನಿಗೆ ಗೊತ್ತೇ ಇಲ್ಲ. ಯಾರಾದ್ರೂ ರಿಂಗಲ್ಲಿ ಬಿದ್ದು ಜಾಸ್ತಿ ಹೊತ್ತು ಮಲಗಿದ್ರೆ ಇವ್ನು ಹೇಗೆ ಆಡ್ಕೋತಾನೆ ಅಂತ ನಿಮ್ಗೇ ಗೊತ್ತಲ್ಲ? ಹೆಂಗಾದ್ರೂ ನಿಲ್ಸಿ!”

ಪ್ರಣತಿ ರೈಲು ನಿಲ್ದಾಣದತ್ತ ಧಾವಿಸಿದಳು. ಮಿಕುರಿಯಾ ಎಂಬುದು ಅವರ ಮನೆಯಲ್ಲಿ ಬರಿಯ ಹೆಸರಾಗಿರಲಿಲ್ಲ. ಎರಡು ವರ್ಷದ ಹಿಂದೆ ಸಿಂಗಪುರಕ್ಕೆ ಬಂದಿದ್ದಾಗ ಆ ಗುಡ್ಡದಂಥ ಮನುಷ್ಯ ಹರ್ಷನ ಕೈ ಕುಲುಕಿ, ಇವಳಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ್ದ. ಅವನು ಚಾಂಪಿಯನ್ ಆದ ದಿನ ಹರ್ಷ ಮನೆಯಲ್ಲಿ ಕೇಸರಿಬಾತ್ ಮಾಡಿಸಿದ್ದ.

ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಲೈವ್ ಹಚ್ಚಿದಳು. ಹರ್ಷ ಎಂದಿನ ಉತ್ಸಾಹದಲ್ಲಿದ್ದ. ಹಗುರ ತೂಕದವರ ಬೆಲ್ಟಿನ ಪಂದ್ಯ ಮುಗಿದಿತ್ತು. “ಕೊನೇ ಎರಡು ನಿಮಿಷಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ ಗುರು, ಆ ಹುಡುಗ ಹಗ್ಗದ ಮೇಲಿಂದ ಹಾರಿದಾಗ ನಾನು ಉಸಿರೇ ಬಿಟ್ಟಿರ್ಲಿಲ್ಲ” ಎನ್ನುತ್ತಿದ್ದ. ಕೆಳಗೆ ನೋಡುಗರ ಸಂಖ್ಯೆ ಎರಡು ಸಾವಿರ ದಾಟಿತ್ತು. ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇಷ್ಟೂ ಜನಕ್ಕೆ ಗೊತ್ತು. ಗೊತ್ತಿಲ್ಲದ ಒಬ್ಬನೇ ಒಬ್ಬನನ್ನು ನೋಡಲು ಇವರೆಲ್ಲ ಬಂದು ಕೂತಿದ್ದಾರೆ. ಥೂ, ಎಂಥ ಜನ!

ಬ್ಯೂನಾ ವಿಸ್ಟಾ ಸ್ಟೇಷನ್ ಬರುವಾಗ ಜೋಡಿ ಪೈಲ್ವಾನರ ಬೆಲ್ಟಿನ ಪಂದ್ಯ ನಡೆಯುತ್ತಿತ್ತು. ಅದು ಇನ್ನಷ್ಟು ಹೊತ್ತು ಎಳೆಯಲಿ ದೇವರೇ ಎಂದು ಅವಳು ಬೇಡಿಕೊಂಡಳು. ಜಪಾನಿನ ಯಾರೋ ಇಬ್ಬರು ದಾಂಡಿಗರು ಬೇಗ ಸೋಲದಿರಲಿ ಎಂದು ಚಾಮುಂಡಿಗೆ ಹರಕೆ ಹೊತ್ತವಳು ಲೋಕದಲ್ಲಿ ಅವಳೊಬ್ಬಳೇ ಇರಬೇಕು. ತಾಯಿ ಕಿವಿಗೊಡಲಿಲ್ಲ, ಅವರು ಸೋತರು.

ಜುರಾಂಗ್ ಈಸ್ಟಿನಲ್ಲಿ ಇಳಿದವಳೇ ಚಪ್ಪಲಿ ಕೈಗೆತ್ತಿಕೊಂಡು ಓಡಿದಳು. ಕಟ್ಟಡದ ಕೆಳಗಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಕೂತಿದ್ದ ಮುದುಕರು ತಲೆಯೆತ್ತಿ ನೋಡಿದರು. ಲಿಫ್ಟಿನೊಳಗೆ ಸಿಗ್ನಲ್ ಹೋಗಿ ಲೈವ್ ನಿಂತುಹೋಯಿತು. ಬಾಗಿಲು ತೆರೆದು ಒಳಗೆ ಕಾಲಿಡುವಷ್ಟರಲ್ಲಿ ರೂಮಿನಿಂದ ಹರ್ಷನ ನಗು ಕೇಳಿಸಿತು.

“ಏಳಪ್ಪಾ ಚಾಂಪಿಯನ್ನೇ, ಸಾಕು ಆಕ್ಟಿಂಗು! ಸತ್ತೇನೂ ಹೋಗಿಲ್ಲ ನೀನು!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಳೆ ಇದನ್ನು ಕತ್ತರಿಸಿ ಊರೆಲ್ಲ ಹಂಚುತ್ತಾರೆ. ಪಾಪ, ಜೀವಕ್ಕಿಂತ ಹೆಚ್ಚಾಗಿ ಆ ಮನುಷ್ಯನನ್ನು ಹಚ್ಚಿಕೊಂಡಿದ್ದವನು ಈ ಮಾತನ್ನು ಹೊತ್ತುಕೊಂಡು ಹೇಗೆ ಬದುಕುತ್ತಾನೆ? ಪ್ರಣತಿ ರೂಮಿನ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

ಅವಳನ್ನು ಕಂಡದ್ದೇ ಹರ್ಷ ಮೈಕ್ ಮ್ಯೂಟ್ ಮಾಡಿ ಕ್ಯಾಮೆರಾಗೆ ಬೆನ್ನು ತಿರುಗಿಸಿದ.

“ಹರ್ಷ, ನಿಲ್ಸು,” ಅವಳಿಗೆ ಉಸಿರು ಸಿಗುತ್ತಿರಲಿಲ್ಲ. “ಅದು ಆಕ್ಟಿಂಗ್ ಅಲ್ಲ. ಮಿಕುರಿಯಾ ತೀರ್ಕೊಂಡಿದಾನೆ. ಈ ಮ್ಯಾಚಲ್ಲೇ ಪೆಟ್ಟಾಗಿದ್ದು.”

ಅವನ ಮುಖ ಕುಸಿಯುವುದನ್ನು ಕಾಯುತ್ತ, ತಬ್ಬಿಕೊಳ್ಳಲು ಎರಡೂ ಕೈ ಚಾಚಿದಳು. ಮುಖ ಕುಸಿಯಲಿಲ್ಲ.

“ಗೊತ್ತು ಕಣೆ,” ಅಂದ.

“ಏನು?”

“ಬೆಳಿಗ್ಗೆ ಎಂಆರ್‌ಟಿ ಟ್ರೇನಲ್ಲಿ ಪಕ್ಕದಲ್ಲಿ ನಿಂತಿದ್ದೋನ ಫೋನಲ್ಲಿ ಕಾಣಿಸ್ಬಿಡ್ತು. ಕ್ಲೆಮೆಂಟಿ ಸ್ಟೇಷನ್ನಲ್ಲಿ ಇಳಿದು ಬೆಂಚ್ ಮೇಲೆ ಕೂತು ಅತ್ಬಿಟ್ಟೆ. ಆಣೆ ಮಾಡಿ ಹೇಳ್ತೀನಿ.”

“ಮತ್ತೆ ಇದೇನು? ಈಗ ನೀನು ಅಂದಿದ್ದೇನು?”

“ಅಲ್ಲಿ ನೋಡು, ಆರು ಸಾವಿರ! ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಆರು ಸಾವಿರ ನೋಡಿದೀವಾ? ನಂಗೆ ಗೊತ್ತಿಲ್ಲ ಅಂತಾನೇ ಬಂದಿದಾರೆ ಅವ್ರೆಲ್ಲ. ಗೊತ್ತು ಅಂದಿದ್ರೆ ಒಬ್ಬನೂ ಬರ್ತಿರ್ಲಿಲ್ಲ.” ಅವನ ದನಿಯಲ್ಲಿ ಅವಸರವಿತ್ತು. “ನೀನು ಬಂದಿದ್ದು ಒಳ್ಳೇದಾಯ್ತು. ವಿಷಯ ಹೇಗೆ ಹೊರಗೆ ತರೋದು ಅಂತ ಒದ್ದಾಡ್ತಿದ್ದೆ. ನಾನೀಗ ಮೈಕ್ ಆನ್ ಮಾಡ್ತೀನಿ. ಆಗ್ಲೇ ಹೇಳಿದ್ಯಲ್ಲ, ಅದನ್ನೇ, ಹಾಗೇ ಏದುಸಿರು ಬಿಡ್ತಾ ಇನ್ನೊಂದ್ಸಲ ಹೇಳು. ಪ್ಲೀಸ್.”

ಅವನ ಹಿಂದೆ ಪರದೆಯ ಮೇಲೆ ಪಂದ್ಯ ಇನ್ನೂ ಓಡುತ್ತಿತ್ತು. ಮಿಕುರಿಯಾ ಅಲುಗಾಡದೆ ಬಿದ್ದಿದ್ದ. ಅವನನ್ನು ಎತ್ತಿ ಹಾಕಿದ ಎದುರಾಳಿ ಗೆದ್ದವನ ಹಾಗೆ ಕೈಯೆತ್ತಲು ಹೋಗಿ, ನಡುವೆಯೇ ಬಿಟ್ಟು, ಮಂಡಿಯೂರಿ ಅವನ ಕೆನ್ನೆ ತಟ್ಟುತ್ತಿದ್ದ. ರೆಫರಿ ಎರಡೂ ಕೈ ಅಡ್ಡಡ್ಡ ಎತ್ತಿ ಯಾರನ್ನೋ ಕೂಗುತ್ತಿದ್ದ. ಅಲ್ಲಿ ಯಾರೂ ನಟಿಸುತ್ತಿರಲಿಲ್ಲ.

ಹರ್ಷ ಮೈಕ್ ಆನ್ ಮಾಡಿದ. ಕ್ಯಾಮೆರಾ ಕಡೆಗೆ ಅರ್ಧ ಮುಖ ಇಟ್ಟು, ಆಗತಾನೇ ಕಂಡವನಂತೆ ಅವಳತ್ತ ತಿರುಗಿದ. ಹುಬ್ಬು ಮೇಲೇರಿತು. ದನಿ ಸಣ್ಣಗಾಯಿತು.

“ಏನಾಯ್ತು ಪ್ರಣತಿ? ಯಾಕಿಷ್ಟು ಗಾಬರಿ?”

ಈ ಮುಖ ಅವಳಿಗೆ ಗೊತ್ತಿತ್ತು. ತನ್ನ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ಅಡುಗೆಮನೆಯಲ್ಲಿ ಅವನು ಅವಳ ಭುಜ ಹಿಡಿದು ಏನಾಯ್ತೆಂದು ಕೇಳಿದಾಗ ಇದೇ ಹುಬ್ಬು, ಇದೇ ದನಿ. ಆ ದನಿಯನ್ನು ನಂಬಿ ಅವಳು ಅವನ ಎದೆಗೆ ಒರಗಿ ಅತ್ತಿದ್ದಳು. ಒಂದಕ್ಕೂ ಇನ್ನೊಂದಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ.

“ಹೇಳು ಪ್ರಣತಿ, ಏನಾಯ್ತು?” ಎಂದು ಅವನು ಮತ್ತೊಮ್ಮೆ ಕೇಳಿದ. ಕಣ್ಣಿನಲ್ಲಿ ಆಗಲೇ ನೀರು ಕೂಡತೊಡಗಿತ್ತು.

ಅವಳು ಅವನನ್ನು ದಾಟಿ ಹೋಗಿ ಕ್ಯಾಮೆರಾ ಎದುರು ಬಗ್ಗಿದಳು.

“ಹರ್ಷಂಗೆ ಬೆಳಿಗ್ಗೆನೇ ಗೊತ್ತಿತ್ತು,” ಎಂದಳು.

ಹರ್ಷನ ಬಾಯಿ ತೆರೆದುಕೊಂಡಿತು. ಮುಖದ ಬಣ್ಣ ಇಳಿಯಿತು, ಮ್ಯೂಟ್ ಗುಂಡಿ ಹುಡುಕುತ್ತಿದ್ದ ಕೈ ಮೇಜಿನ ಮೇಲೆಲ್ಲ ತಡಕಾಡಿತು. ಈ ಸಲವಾದರೂ ಅದು ನಿಜವಾಗಿ ಆಘಾತಗೊಂಡವನ ಮುಖವೇ ಎಂದು ತಿಳಿಯಲು ಪ್ರಣತಿ ಬಹಳ ಹೊತ್ತು ಅವನನ್ನೇ ನೋಡಿದಳು. ಅವಳಿಗೆ ತಿಳಿಯಲಿಲ್ಲ.